ನಾಲ್ಕು ಜನರ ಮೆಣಸ್ಕಾಯಿ

ಹೊಸನಗರದ ಮಧುಸೂದನ ಭಟ್ಟರು ನಲವತ್ತು ವರ್ಷಗಳಿಂದ ಅಡಿಗೆ ಮಾಡುತ್ತಿದ್ದಾರೆ. ಆದರೆ ಸ್ವಂತ ಮನೆಯ ಒಲೆಯ ಮೇಲೆ ಒಂದು ದಿನವೂ ಸಾರು ಕುದಿಸಿದವರಲ್ಲ. ಅವರ ಅಡಿಗೆ ಏನಿದ್ದರೂ ನೂರು ಎಲೆಯಿಂದ ಮೇಲೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಲ್ಲಿ ಒಂದು ಉಪನಯನವೋ ಗೃಹಪ್ರವೇಶವೋ ನಿಶ್ಚಯವಾದರೆ, ಪುರೋಹಿತರಿಗೆ ಬಿಡುವಿದೆಯೇ ಎಂದು ಕೇಳುವ ಮೊದಲು ಭಟ್ಟರಿಗೆ ಬಿಡುವಿದೆಯೇ ಎಂದು ಕೇಳುವವರು ಇದ್ದರು. ಮನೆಯಲ್ಲಿ ಮಾತ್ರ ಸೌಟು ಹೆಂಡತಿ ಯಶೋಧಮ್ಮನವರ ಕೈಯಲ್ಲಿ. “ಉಪ್ಪಿನ ಡಬ್ಬಿ ಎಲ್ಲಿದ್ದು ಹೇಳಿ ಇವರನ್ನ ಕೇಳಿ ನೋಡಿ. ಗೊತ್ತಿದ್ರೆ ನನ್ನ ಹೆಸರು ಬದ್ಲಿಸ್ತಿ” ಎಂದು ಅವರು ತಮ್ಮ ಹವ್ಯಕ ಮಾತಿನಲ್ಲಿ ಹೇಳಿ ಮನೆಗೆ ಬಂದವರೆದುರು ನಗುತ್ತಿದ್ದರು. ಭಟ್ಟರೂ ನಗುತ್ತಿದ್ದರು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೈಸ್ಕೂಲು ಮುಗಿದ ವರ್ಷ ಸೋದರಮಾವನ ಜೊತೆಗೆ ಕಾಯಿ ತುರಿಯಲು ಹೋದವರು ಅವರು. ಮೊದಲ ವರ್ಷವೆಲ್ಲ ಕಾಯಿ ತುರಿದದ್ದೇ ಆಯಿತು. ಮಾವ ಹೆಚ್ಚು ಮಾತಿನವರಲ್ಲ. ಆದರೆ ಎರಡು ಸಂಗತಿಗಳನ್ನು ಕಟ್ಟುನಿಟ್ಟಾಗಿ ಕಲಿಸಿದರು. ಒಂದು, ನೈವೇದ್ಯವಾಗುವ ಮುನ್ನ ಅಡಿಗೆಯನ್ನು ಬಾಯಿಗೆ ಹಾಕಿ ನೋಡಬಾರದು. ಕೊಪ್ಪರಿಗೆಯಿಂದ ಏಳುವ ಆವಿಗೆ ಮೂಗು ಒಡ್ಡಿದರೆ ಉಪ್ಪು, ಹುಳಿ, ಬೆಲ್ಲ ಎಲ್ಲ ತಿಳಿಯಬೇಕು. ಇನ್ನೊಂದು, ಪಂಕ್ತಿ ಕುಳಿತ ಮೇಲೆ ತಾನೇ ಬಕೀಟು ಹಿಡಿದು ಬಡಿಸಲು ಹೋಗಿ ಉಣ್ಣುವವರನ್ನು ನೋಡಬೇಕು. ಉಂಡವರು ಬಾಯಲ್ಲಿ ಹೇಳುವ ಹೊಗಳಿಕೆಯನ್ನು ಮಾವ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಮೊದಲ ತುತ್ತಿಗೆ ಹುಬ್ಬು ಏನು ಮಾಡಿತು, ಎರಡನೆಯ ತುತ್ತಿಗೆ ಕೈ ಎಲೆಯ ಯಾವ ಕಡೆಗೆ ಹೋಯಿತು, ಅದನ್ನು ನೋಡು ಎನ್ನುತ್ತಿದ್ದರು. ಭಟ್ಟರು ಹಾಗೆಯೇ ನೋಡಿ ನೋಡಿ ಕಲಿತರು. ತಾವು ಮಾಡಿದ್ದನ್ನು ತಾವು ಉಣ್ಣುತ್ತಿದ್ದುದು ಕಡೆಯ ಪಂಕ್ತಿಯಲ್ಲಿ, ಎಲ್ಲ ತಣ್ಣಗಾದ ಮೇಲೆ.

ಅವರ ಕೈಯ ಹಾಗಲಕಾಯಿ ಮೆಣಸ್ಕಾಯಿಗೆ ದೊಡ್ಡ ಹೆಸರಿತ್ತು. ಹಾಗಲದ ಹೋಳನ್ನು ಹುಣಿಸೆ ರಸದಲ್ಲಿ ಬೇಯಿಸಿ, ಹುರಿದ ಎಳ್ಳು, ಉದ್ದಿನಬೇಳೆ, ಒಣಮೆಣಸು, ಕಾಯಿತುರಿ ರುಬ್ಬಿ ಸೇರಿಸಿ, ನೀರಾಗಿರುವ ಜೋನಿ ಬೆಲ್ಲ ಹೊಯ್ದು ಮಂದವಾಗಿ ಕುದಿಸುವ ಪದಾರ್ಥ ಅದು. ಕಹಿಯೂ ಬೇಕು, ಸಿಹಿಯೂ ಬೇಕು. ಯಾವುದೂ ಒಂಟಿಯಾಗಿ ನಿಲ್ಲಬಾರದು. ಆದರೆ ಈಚಿನ ವರ್ಷಗಳಲ್ಲಿ ಅಡಿಗೆ ಗೊತ್ತುಮಾಡಲು ಹೋದಲ್ಲೆಲ್ಲ ಮನೆಯವರ ಮಾತು ಒಂದೇ ಬಗೆಯದಾಗಿತ್ತು.

“ಮೆಣಸ್ಕಾಯಿ ಬೇಡ ಭಟ್ರೇ. ಮಕ್ಳು ಎಲೆ ಬದಿಗೆ ತಳ್ತಾವೆ. ಗೋಬಿ ಮಂಚೂರಿ ಮಾಡಿಬಿಡಿ.”

ಭಟ್ಟರು ವಾದ ಮಾಡುವವರಲ್ಲ. ಗೋಬಿ ಮಂಚೂರಿಯನ್ನೂ ಕಲಿತರು, ಚೆನ್ನಾಗಿಯೇ ಮಾಡಿದರು. ಮನಸ್ಸಿನಲ್ಲಿ ಮಾತ್ರ ಅಳುಕು ಉಳಿಯಿತು. ಮನೆಗಳಲ್ಲಿ ಮೆಣಸ್ಕಾಯಿ ಮಾಡುವುದು ನಿಂತುಹೋಗಿದೆ. ಮನೆಯಲ್ಲಿ ತಿಂದು ಗೊತ್ತಿಲ್ಲದ ಮಕ್ಕಳು ಪಂಕ್ತಿಯಲ್ಲಿ ಹೇಗೆ ತಿಂದಾರು? ತಮ್ಮ ಕಾಲದಲ್ಲೇ ಅದು ಮುಗಿಯುವುದೇನೋ ಎಂದು ಅನಿಸತೊಡಗಿತ್ತು.

ಅಂತಹ ಸಮಯದಲ್ಲಿ ದೀಪಕನ ಫೋನು ಬಂತು. ಅವನು ಮೇಗರವಳ್ಳಿಯ ಗೌಡರ ಮನೆಯ ಹುಡುಗ. ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿ, ಈಗ ಟಿ.ವಿ.ಯಲ್ಲಿ ಊರೂರಿನ ಹಳೆಯ ಅಡಿಗೆಗಳನ್ನು ತೋರಿಸುವ ಕಾರ್ಯಕ್ರಮ ನಡೆಸುತ್ತಿದ್ದ. ತೀರ್ಥಹಳ್ಳಿಯ ಒಂದು ಗೃಹಪ್ರವೇಶದಲ್ಲಿ ಭಟ್ಟರ ಮೆಣಸ್ಕಾಯಿ ಉಂಡಿದ್ದನಂತೆ.

“ಒಂದೇ ಒಂದು ಕಂಡೀಶನ್ನು ಭಟ್ರೇ. ನಾಲ್ಕು ಜನಕ್ಕೆ ಆಗೋ ಅಳತೇಲಿ ಮಾಡ್ಬೇಕು. ಹಂಗಾದ್ರೆ ಮಾತ್ರ ನೋಡಿದೋರು ಮನೇಲಿ ಮಾಡ್ತಾರೆ.”

“ನಾನೂರು ಜನಕ್ಕೆ ಮಾಡೋನಿಗೆ ನಾಲ್ಕು ಜನಕ್ಕೆ ಎಂತ ಕಷ್ಟ ಮಾರಾಯ್ರೆ!” ಎಂದರು ಭಟ್ಟರು. ಒಳಗಿನಿಂದ ಯಶೋಧಮ್ಮ “ಹ್ಞೂಂ” ಎಂದದ್ದು ಕೇಳಿಸಿತು. ಅವರು ಅದಕ್ಕೆ ಗಮನ ಕೊಡಲಿಲ್ಲ. ಮನೆ ಮನೆಗೆ ಮೆಣಸ್ಕಾಯಿ ಮತ್ತೆ ಹೋಗುವುದಾದರೆ ಇದೇ ದಾರಿ ಎಂಬ ಸಂತೋಷದಲ್ಲಿದ್ದರು.

ಚಿತ್ರೀಕರಣ ಊರಿನ ಕಲ್ಯಾಣಮಂಟಪದ ಅಡಿಗೆಮನೆಯಲ್ಲಿ ನಡೆಯಿತು. ದೊಡ್ಡ ಒಲೆಗಳೆಲ್ಲ ಆರಿ ಮಲಗಿದ್ದವು. ನಡುವೆ ಒಂದು ಮೇಜು, ಅದರ ಮೇಲೆ ಗ್ಯಾಸ್ ಸ್ಟೌವು, ಒಂದು ಸಣ್ಣ ಬಾಣಲೆ. ಭಟ್ಟರು ಅದರ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, “ಇದು ಬಾಣಲೆಯೋ, ಒಗ್ಗರಣೆ ಸೌಟೋ?” ಎಂದಾಗ ಎಲ್ಲರೂ ನಕ್ಕರು. ಯಶೋಧಮ್ಮ ಶೂಟಿಂಗ್ ನೋಡಬೇಕೆಂದು ಬಂದವರು, ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಕಾರ್ಯಕ್ರಮದ ನಿರ್ದೇಶಕಿ ಸ್ವಾತಿ ಎಂಬ ಚುರುಕಿನ ಹುಡುಗಿ. ಕ್ಯಾಮರಾ ಓಡುವಾಗ ಯಾರೂ ಮಾತನಾಡಬಾರದು ಎಂದು ಮೊದಲೇ ಎಚ್ಚರಿಸಿದಳು.

ಭಟ್ಟರು ಹೆದರಲಿಲ್ಲ. ಎಳ್ಳು ಹುರಿಯುವ ಹದ, ಹಾಗಲ ಹೆಚ್ಚುವ ಬಗೆ ಎಲ್ಲವನ್ನೂ ಸೊಗಸಾಗಿ ಹೇಳಿದರು. ಉಪ್ಪಿಗೆ ಕೈ ಹಾಕಿದಾಗ ಮಾತ್ರ ಬೊಗಸೆ ತುಂಬಲು ಹೊರಟ ಕೈ ನಡುವೆ ನಿಂತು, ಬೆರಳ ತುದಿಗೆ ಇಳಿಯಿತು. ಕುದಿ ಬಂದ ಮೇಲೆ ರೂಢಿಯಂತೆ ಮೂಗನ್ನು ಒಡ್ಡಿದರು. ಅಷ್ಟು ಚಿಕ್ಕ ಬಾಣಲೆಯಿಂದ ಏಳುವ ಆವಿ ಎಷ್ಟು ತಾನೇ ಇದ್ದೀತು? ಅದೂ ಶೂಟಿಂಗಿಗೆ ಹಾಕಿದ ದೀಪಗಳ ಬಿಸಿಯಲ್ಲಿ ಎಲ್ಲಿಯೋ ಹೋಯಿತು. ಅಂದಾಜಿನ ಮೇಲೆ ಸ್ಟೌವು ಆರಿಸಿ ಇಳಿಸಿದರು.

“ಈಗ ಸ್ವಲ್ಪ ರುಚಿ ನೋಡಿ, ಆಹಾ ಅಂತ ತಲೆ ಆಡಿಸಿ ಸರ್” ಎಂದಳು ಸ್ವಾತಿ.

“ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕೋ ಕ್ರಮ ನಮ್ಮಲ್ಲಿ ಇಲ್ಲಮ್ಮ.”

“ಇಲ್ಲಿ ನೈವೇದ್ಯ ಇಲ್ವಲ್ಲ ಸರ್?”

“ಕೈಗೆ ಅದು ಗೊತ್ತಾಗ್ಬೇಕಲ್ಲ? ಬಾಯಿ ಹತ್ರ ಏಳೋದೇ ಇಲ್ಲ.”

“ಬಿಡಿ ಸ್ವಾತಿ, ತಿನ್ನೋಕೆ ನಾನಿಲ್ವಾ?” ಎಂದು ದೀಪಕ ಎಲೆಯ ಮುಂದೆ ಕುಳಿತ. ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. “ಆಹಾ! ನಮ್ಮ ಮಲೆನಾಡು ಅಂದ್ರೆ ಇದು ನೋಡಿ!”

“ಸೂಪರ್! ಕಟ್” ಎಂದಳು ಸ್ವಾತಿ. ಹುಡುಗರು ತಂತಿಗಳನ್ನು ಸುತ್ತತೊಡಗಿದರು.

ಭಟ್ಟರು ನಿಂತಲ್ಲಿಯೇ ನಿಂತಿದ್ದರು. ದೀಪಕನ ಹುಬ್ಬು ಮೇಲೆ ಹೋಗಿ ತಟ್ಟನೆ ಕೆಳಗಿಳಿದದ್ದನ್ನು ಅವರು ಕಂಡಿದ್ದರು. ಎರಡನೆಯ ತುತ್ತಿಗೆ ಅವನ ಕೈ ಹಪ್ಪಳದ ಕಡೆಗೆ ಹೋದದ್ದನ್ನೂ ಕಂಡಿದ್ದರು.

ಸುಮ್ಮನಿದ್ದರೆ ಸುಮ್ಮನೆ ಮುಗಿದುಹೋಗುತ್ತಿತ್ತು. ಟಿ.ವಿ.ಯಲ್ಲಿ ಬಣ್ಣ ಕಾಣುತ್ತದೆ, ರುಚಿ ಕಾಣುವುದಿಲ್ಲ. ಬಣ್ಣ ಚೆನ್ನಾಗಿಯೇ ಬಂದಿತ್ತು. ಆದರೆ ಇದನ್ನು ನೋಡಿ ಎಲ್ಲಿಯೋ ಒಬ್ಬ ತಾಯಿ ಇದೇ ಹದಕ್ಕೆ ಇಳಿಸಿ ಮಕ್ಕಳಿಗೆ ಬಡಿಸಿದರೆ? ಮಕ್ಕಳು ಒಂದು ಸಲ ಎಲೆಯ ಬದಿಗೆ ತಳ್ಳಿದ ಮೇಲೆ ಆ ಮನೆಯಲ್ಲಿ ಮೆಣಸ್ಕಾಯಿಗೆ ಎರಡನೆಯ ಸಲ ಎಂಬುದು ಇರುವುದಿಲ್ಲ. ಅದನ್ನು ಕೊಂದ ಹಾಗೆಯೇ ಆಗುತ್ತದೆ, ಅದೂ ತಮ್ಮದೇ ಹೆಸರಿನಲ್ಲಿ. ಹೇಳಿದರೋ, ನಲವತ್ತು ವರ್ಷದ ಹೆಸರಿಗೆ ಎಲ್ಲರೆದುರು ಕುಂದು.

ಅವರು ದೀಪಕನ ಹತ್ತಿರ ಹೋದರು. “ಒಂದು ಮಾತು ನಿಜ ಹೇಳಿ. ಅದು ಚೆನ್ನಾಗಿಲ್ಲ, ಅಲ್ದಾ?”

“ಅಯ್ಯೋ, ಹಂಗೇನಿಲ್ಲ ಭಟ್ರೇ…”

“ಎರಡನೇ ತುತ್ತಿಗೇ ಹಪ್ಪಳಕ್ಕೆ ಕೈ ಹಾಕಿದ್ರಿ.”

ದೀಪಕ ಸಿಕ್ಕಿಬಿದ್ದವನಂತೆ ನಕ್ಕ. “ಹೋಳು ಬೆಂದಿಲ್ಲ. ಕಹಿ ಒಂದು ಕಡೆ, ಬೆಲ್ಲ ಒಂದು ಕಡೆ ನಿಂತಿದೆ. ಆದ್ರೆ ನೋಡೋರಿಗೆ ಅದು ಗೊತ್ತಾಗಲ್ಲ, ಬಿಡಿ.”

“ಮಾಡೋರಿಗೆ ಗೊತ್ತಾಗ್ತದಲ್ಲ? ಇನ್ನೊಂದ್ಸಲ ಮಾಡ್ತೀನಿ.”

ಸಾಗರದಲ್ಲಿ ಇನ್ನೊಂದು ಶೂಟಿಂಗ್ ಕಾಯುತ್ತಿದೆ ಎಂದು ಸ್ವಾತಿ ತಕರಾರು ಮಾಡಿದಳು. ದೀಪಕ ಮಾತ್ರ, “ಅವರಿಗೆ ತಡವಾಗ್ತದೆ ಅಂತ ಫೋನ್ ಮಾಡಿ” ಎಂದ.

ಮತ್ತೆ ಮಾಡುವೆನೆಂದು ಹೇಳಿದ್ದೇನೋ ಆಯಿತು. ತಪ್ಪಿದ್ದು ಎಲ್ಲಿ ಎಂದು ಭಟ್ಟರಿಗೆ ತಿಳಿದಿರಲಿಲ್ಲ. ಮೂಲೆಗೆ ಹೋದರು. ಯಶೋಧಮ್ಮ ಯಾರೂ ಹೇಳದೆಯೇ ಉಳಿದ ಹಾಗಲಕಾಯಿಗಳನ್ನು ಹೆಚ್ಚಿ ಮುಗಿಸುತ್ತಿದ್ದರು.

“ಬೇಗ ಇಳ್ಸಿದ್ರಿ” ಎಂದರು ಅವರು ತಲೆಯೆತ್ತದೆ. “ನಿಂಗಳ ಕೊಪ್ಪರಿಗೆ ಇಳ್ಸಿದ ಮೇಲೂ ಒಂದು ತಾಸು ಕೊತಕೊತ ಹೇಳ್ತಿರ್ತು. ಇದು ಬಟ್ಟಲು. ಇಳ್ಸಿದ ಕೂಡ್ಲೇ ತಣಿತು.”

ಭಟ್ಟರಿಗೆ ಆಗ ಹೊಳೆಯಿತು. ಹೋಳು ಇನ್ನೂ ಸ್ವಲ್ಪ ಗಟ್ಟಿಯಿರುವಾಗಲೇ ಇಳಿಸುವುದು ಅವರ ಪದ್ಧತಿ. ಉಳಿದದ್ದನ್ನು ಕೊಪ್ಪರಿಗೆಯ ಬಿಸಿಯೇ ಬೇಯಿಸಿಕೊಳ್ಳುತ್ತಿತ್ತು. ಅದು ಎಷ್ಟು ರೂಢಿಯಾಗಿತ್ತೆಂದರೆ, ಹಾಗೆ ಮಾಡುತ್ತೇನೆಂಬುದೇ ಅವರಿಗೆ ಮರೆತುಹೋಗಿತ್ತು.

“ಗೊತ್ತಿದ್ದೂ ಆಗಲೇ ಎಂತಕ್ಕೆ ಹೇಳಿದ್ದಿಲ್ಲೆ?”

“ಮಾತಾಡಡಿ ಹೇಳಿತ್ತಲ್ಲ ಆ ಕೂಸು!” ಎಂದು ಯಶೋಧಮ್ಮ ಸ್ವಾತಿಯ ಕಡೆಗೆ ಗದ್ದ ಎತ್ತಿ ತೋರಿಸಿದರು.

“ಈಗ ಮಾತಾಡು. ಮೇಜಿನ ಹತ್ರ ನಿಂತ್ಕ.”

“ಟಿ.ವಿ.ಲಿ ಕಾಂಬುದು ನಂಗೆ ಬೇಡ. ಈಚೆ ಬದಿಗೆ ನಿಂತು ಹೇಳ್ತಿ.”

ಎರಡನೆಯ ಸಲ ಕ್ಯಾಮರಾ ಓಡಿತು. ಹೋಳು ಕುದಿಯಿತು, ಮಸಾಲೆ ಬಿತ್ತು, ಬೆಲ್ಲ ಬಿತ್ತು. ಭಟ್ಟರ ಕೈ ತಾನಾಗಿ ಸ್ಟೌವು ಆರಿಸಲು ಅದರ ಕಿವಿಗೆ ಹೋಯಿತು. “ಇನ್ನೂ ಇರ್ಲಿ” ಎಂಬ ಧ್ವನಿ ಕ್ಯಾಮರಾದ ಹಿಂದಿನಿಂದ ಬಂತು. ಕೈ ಹಿಂದೆ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. “ಇನ್ನೂ ಇರ್ಲಿ ಅಂದ್ನಲ್ಲ!” ಸ್ವಾತಿ ನಿಲ್ಲಿಸಲು ಬಾಯಿ ತೆರೆದವಳು, ಕ್ಯಾಮರಾ ಓಡಲಿ ಎಂದು ಕೈಸನ್ನೆ ಮಾಡಿದಳು.

“ಈಗ ಅಂಗೈ ಮೇಲೆ ಒಂದು ಹನಿ ಬಿಟ್ಕಂಡು ನೋಡಿ” ಎಂದರು ಯಶೋಧಮ್ಮ.

ಭಟ್ಟರು ಹೆಂಡತಿಯ ಮುಖ ನೋಡಿದರು. ಆಮೇಲೆ ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ತೀರ್ಥ ತೆಗೆದುಕೊಳ್ಳುವವರಂತೆ ಬಾಯಿಗಿಟ್ಟರು. “ಖಾರ! ಬೆಲ್ಲ ಸಾಲದು” ಎಂದು ಜೋನಿ ಬೆಲ್ಲದ ಪಾತ್ರೆಗೆ ಕೈ ಚಾಚಿದರು.

“ಮುಟ್ಟಡಿ! ಬಿಸೀಲಿ ಖಾರವೇ ಮುಂದೆ ಬತ್ತು. ನಿಂಗ ಯಾವಾಗ ಬಿಸಿದು ಉಂಡಿದ್ರಿ? ತಣಿಯಲಿ, ಆಮೇಲೆ ಹೇಳಿ.”

ಆ ಮಾತಿಗೆ ಕ್ಯಾಮರಾ ಹಿಡಿದ ಹುಡುಗನೇ ನಕ್ಕುಬಿಟ್ಟ. ಹದ ಬಂದ ಮೇಲೆ ಆರಿಸಿ, ಮುಚ್ಚಿಟ್ಟು, ಎಲ್ಲರೂ ಕಾಫಿ ಕುಡಿದು ಬಂದರು. ಭಟ್ಟರು ಇನ್ನೊಂದು ಹನಿ ನೋಡಿದರು. ಬೆಲ್ಲದ ಪಾತ್ರೆಗೆ ಮುಚ್ಚಳ ಹಾಕಿದರು.

ದೀಪಕ ಎಲೆಯ ಮುಂದೆ ಕುಳಿತ. ಮೊದಲ ತುತ್ತಿಗೆ ಹುಬ್ಬು ಇದ್ದಲ್ಲಿಯೇ ಇತ್ತು. ಎರಡನೆಯ ತುತ್ತು, ಮೂರನೆಯದು. ಬೆರಳುಗಳು ಅನ್ನದ ಬದಿಯಿಂದ ಮೆಣಸ್ಕಾಯಿಯನ್ನೇ ಎಳೆದುಕೊಂಡವು. “ಸರ್, ಡೈಲಾಗ್” ಎಂದಳು ಸ್ವಾತಿ. ಅವನು ಬಾಯಿ ತುಂಬಿಕೊಂಡು, ಸ್ವಲ್ಪ ತಡಿ ಎಂದು ಎಡಗೈ ತೋರಿಸಿ, ಇನ್ನಷ್ಟು ಬಡಿಸುವಂತೆ ಭಟ್ಟರಿಗೆ ಕಣ್ಣಲ್ಲೇ ಹೇಳಿದ. ಹಪ್ಪಳ ಎಲೆಯ ತುದಿಯಲ್ಲಿ ಹಾಗೆಯೇ ಉಳಿಯಿತು.

ಹೊರಡುವಾಗ ಭಟ್ಟರು ಸ್ವಾತಿಯನ್ನು ಕರೆದು ಹೇಳಿದರು. “ಮೊದಲನೇ ಸಲ ಮಾಡಿದ್ದನ್ನೂ ತೋರಿಸಮ್ಮ. ಅದು ಕೆಟ್ಟಿತ್ತು ಅಂತಲೂ ಹೇಳು.”

“ಬೇಡ ಸರ್, ನಿಮ್ಮ ಹೆಸರಿಗೆ ಸುಮ್ನೆ ಯಾಕೆ…”

“ನಾನು ಆರಿಸಿದ ಹೊತ್ತಿಗೇ ಅವರೂ ಆರಿಸ್ತಾರೆ. ಯಾಕೆ ಆರಿಸಬಾರದು ಅಂತ ಗೊತ್ತಾಗೋದು ಹೇಗೆ?”

ಒಂದು ಭಾನುವಾರ ಕಾರ್ಯಕ್ರಮ ಬಂತು. ಸ್ವಾತಿ ಎಲ್ಲವನ್ನೂ ಉಳಿಸಿಕೊಂಡಿದ್ದಳು: ಹಪ್ಪಳಕ್ಕೆ ಹೋದ ಕೈ, “ಇನ್ನೂ ಇರ್ಲಿ” ಎಂಬ ಧ್ವನಿ, ಬೆಲ್ಲದ ಬೈಗುಳ. ಮರುದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪರಿಚಯದ ಹೂವಯ್ಯ ಗೌಡರು ಕೂಗಿ ಹೇಳಿದರು: “ಭಟ್ರೇ, ಹೆಂಡ್ತಿ ಅಪ್ಪಣೆ ಆಗ್ದೆ ನಿಮ್ಮ ಅಡಿಗೆ ಬೇಯಲ್ಲ ಅಂತ ರಾಜ್ಯಕ್ಕೆಲ್ಲ ಗೊತ್ತಾಯ್ತು!”

“ನಂದು ಅಪ್ಪಣೆ ಆದ್ಮೇಲಾದ್ರೂ ಬೆಂತು ಗೌಡ್ರೇ. ನಿಮಗೆ ಅಪ್ಪಣೆ ಆದ್ರೂ ಬೇಯ್ಸೋಕೆ ಬರ್ತದಾ?” ಎಂದರು ಭಟ್ಟರು. ಹೋಟೆಲು ನಕ್ಕಿತು.

ಎಲ್ಲವೂ ನಗೆಯಲ್ಲಿ ಮುಗಿಯಲಿಲ್ಲ. ತೀರ್ಥಹಳ್ಳಿ ಕಡೆಯ ಒಂದು ಮನೆಯವರು ಮಾತಾಗಿದ್ದ ಅಡಿಗೆಯನ್ನು ಬೇರೆಯವರಿಗೆ ಕೊಟ್ಟರು. ಟಿ.ವಿ.ಯ ಕಾರಣಕ್ಕೋ ಬೇರೆ ಕಾರಣಕ್ಕೋ ಭಟ್ಟರು ವಿಚಾರಿಸಲಿಲ್ಲ. ತಾನು ಬಾಯಿ ಹಾಕಬಾರದಿತ್ತೆಂದು ಯಶೋಧಮ್ಮ ಕೆಲವು ದಿನ ಮಂಕಾಗಿದ್ದರು.

ಮಾಘಮಾಸದಲ್ಲಿ ವರದಹಳ್ಳಿಯ ಹತ್ತಿರದ ಒಂದು ಮನೆಯಿಂದ ಮೊಮ್ಮಗನ ಉಪನಯನಕ್ಕೆ ಕರೆ ಬಂತು. ಮನೆಯ ಯಜಮಾನಿ ಶರಾವತಿ. ಜಗಲಿಯಲ್ಲಿ ಕುಳಿತು ಪಾಯಸ, ಹೋಳಿಗೆ ಎಲ್ಲ ಗೊತ್ತಾದ ಮೇಲೆ ಭಟ್ಟರು ಕೊಂಚ ಅಳುಕಿ ಕೇಳಿದರು. “ಗೋಬಿ ಮಂಚೂರಿ ಇರ್ಲಾ?”

“ಅದೆಂತಕ್ಕೆ? ಮೆಣಸ್ಕಾಯಿ ಮಾಡಿ” ಎಂದರು ಶರಾವತಿ. “ಟಿ.ವಿ. ನೋಡ್ಕಂಡು ಸೊಸೆ ಮಾಡಿತ್ತು. ಮನೇಲಿ ಮೊದ್ಲು ಒಂದ್ಸಲ ಮಾಡಿ, ಯಾರೂ ತಿನ್ನದೇ ಬಿಟ್ಟಿದ್ದು ಅದು. ಈ ಸಲ ಸರಿಯಾತು.”

“ಎಷ್ಟು ಹೊತ್ತು ಕುದಿಸಿತ್ತು?”

“ಯಶೋಧಕ್ಕ ‘ಇನ್ನೂ ಇರ್ಲಿ’ ಹೇಳಿದಷ್ಟು ಹೊತ್ತು!”

ಭಟ್ಟರಿಗೆ ನಗು ಬಂತು. “ಮಕ್ಕ ತಿಂದ್ವಾ?”

“ವಟು ಎರಡು ಸಲ ಹಾಕ್ಸಿಕೊಂಡ. ಸಣ್ಣ ಮಗು ಎಳ್ಳಿನ ರಸ ನೆಕ್ಕಿ, ಹೋಳು ಬಿಟ್ಟಿತ್ತು. ದೊಡ್ಡಾದ್ಮೇಲೆ ತಿಂತು, ಬಿಡಿ.” ಶರಾವತಿ ಒಳಗಿನ ಕಡೆಗೊಮ್ಮೆ ನೋಡಿ ಮುಂದುವರಿಸಿದರು. “ಆದ್ರೆ ಸೊಸೆಗೆ ನಾಲ್ಕು ಜನಕ್ಕೆ ಮಾತ್ರ ಬತ್ತು ಭಟ್ರೇ. ನಾನೂರು ಜನಕ್ಕೆ ನಿಂಗಳೇ ಆಗವು.”

ಹಾಗಲಕಾಯಿಯನ್ನು ಪೇಟೆಯಿಂದ ತರಿಸುವುದಾದರೆ ಎಳೆಯದನ್ನೇ ನೋಡಿ ತರಿಸಬೇಕು, ಹಿಂದಿನ ದಿನ ಸಂಜೆಯೊಳಗೆ ಬರಬೇಕು ಎಂದು ಭಟ್ಟರು ಎರಡೆರಡು ಬಾರಿ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.