ಎಲ್ಲರ ಮುಂದೆ ಕೇಳಿದ ಕ್ಷಮೆ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯನ್ನು ಬೆನ್ನ ಹಿಂದೆ ಎಲ್ಲರೂ ಗುಡುಗಮ್ಮ ಎನ್ನುತ್ತಿದ್ದರು. ದೊಡ್ಡ ಯಂತ್ರಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದರೂ ಅವಳ ದನಿ ಅವನ್ನು ಮೀರಿ ಕೇಳುತ್ತಿತ್ತು. ಕೆಲಸದಲ್ಲಿ ಎತ್ತಿದ ಕೈ. ಬೆಳಿಗ್ಗೆ ಬೈಬಲ್ ಓದದೆ ಕಾಫಿ ಮುಟ್ಟದವಳು, ಭಾನುವಾರದ ಆರಾಧನೆ ತಪ್ಪಿಸದವಳು. ಆದರೆ ನಾಲಗೆಗೆ ಲಗಾಮಿರಲಿಲ್ಲ. "ನನ್ನ ಬಾಯಿ ಕೆಟ್ಟದ್ದು, ಮನಸ್ಸು ಚಿನ್ನ" ಎಂದು ತಾನೇ ಹೇಳಿಕೊಳ್ಳುವಳು. "ಆ ಚಿನ್ನ ನೋಡೋಕೆ ಮೊದಲು ಕಿವಿ ಕಳ್ಕೋಬೇಕು" ಎಂದು ಗಂಡ ನಗುತ್ತಿದ್ದ.

ಒಂದು ಬೆಳಿಗ್ಗೆ ಆಪರೇಷನ್ ಕೋಣೆಗೆ ಹೋಗಬೇಕಿದ್ದ ಹೊಸ ಹೊದಿಕೆಗಳ ಗಂಟು ಕಾಣೆಯಾಯಿತು. ಗುಡುಗಮ್ಮ ಹಿಂದುಮುಂದು ನೋಡದೆ ಇಸ್ತ್ರಿ ಮಾಡುವವಳ ಮೇಲೆ ಹರಿಹಾಯ್ದಳು.

"ಕಳ್ಳಿ! ಚೀಲ ಬಿಚ್ಚು!"

ಎಲ್ಲರೂ ನೋಡುತ್ತಿದ್ದಂತೆ ಆಕೆ ಚೀಲ ಬಿಚ್ಚಿದಳು. ಊಟದ ಡಬ್ಬಿ, ಕೊಡೆ, ಹೊಲಿಸಲು ತಂದಿದ್ದ ಮಗಳ ಕಿತ್ತುಹೋದ ಚಪ್ಪಲಿ. ಮರುದಿನವೇ ಆಕೆ ಅಡುಗೆ ವಿಭಾಗಕ್ಕೆ ವರ್ಗ ಕೇಳಿಕೊಂಡು ಹೋದಳು.

ವಾರದೊಳಗೆ ಗಂಟು ಸಿಕ್ಕಿತು. ಒಣಗಿಸುವ ಯಂತ್ರದ ಹಿಂದೆ ಗುಡುಗಮ್ಮನೇ ಇಟ್ಟು ಮರೆತಿದ್ದಳು. ಮೆಟ್ಟಿಲ ಮೂಲೆಯಲ್ಲಿ ಇಸ್ತ್ರಿಯವಳನ್ನು ತಡೆದು, "ತಪ್ಪಾಯ್ತು ಕಣೇ" ಎಂದು ಪಿಸುಗುಟ್ಟಿದಳು. ಆಕೆ "ಹೂಂ" ಎಂದು ಹೊರಟುಹೋದಳು.

ಆ ಭಾನುವಾರ ಚರ್ಚಿನಲ್ಲಿ, ಯೇಸುವಿನ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿ ತನ್ನ ಸಾಲಿಗೆ ಬಂದಾಗ ಅದನ್ನು ತೆಗೆದುಕೊಳ್ಳಲು ಗುಡುಗಮ್ಮನ ಕೈ ಮೇಲೇಳಲಿಲ್ಲ. ಪಕ್ಕದಲ್ಲಿದ್ದ ಅತ್ತೆ ಗಮನಿಸಿದರು. ಮನೆಗೆ ಬಂದಮೇಲೆ ಎಲ್ಲವನ್ನೂ ಕೇಳಿ ತಿಳಿದರು.

"ದೇವರ ಹತ್ರ ಕ್ಷಮೆ ಕೇಳಿದೀನಿ ಅತ್ತೆ."

"ದೇವರ ಚೀಲ ಬಿಚ್ಚಿಸಿದ್ಯಾ ನೀನು?"

"ಅವಳ ಹತ್ರಾನೂ ಕೇಳ್ದೆ."

"ಬೈದಿದ್ದು ಎಲ್ಲಿ?"

"ಎಲ್ಲರ ಮುಂದೆ."

"ಕ್ಷಮೆ ಕೇಳಿದ್ದು?"

ಗುಡುಗಮ್ಮ ಏನು ಮಾಡಬೇಕೆಂದು ಆಗಲೇ ನಿರ್ಧರಿಸಿಬಿಟ್ಟಿದ್ದಳು.

ಸೋಮವಾರ ಪಾಳಿ ಬದಲಾಗುವ ಹೊತ್ತಿಗೆ ಅಡುಗೆ ವಿಭಾಗಕ್ಕೆ ಹೋಗಿ ಇಸ್ತ್ರಿಯವಳನ್ನು ಕರೆತಂದಳು. "ಇನ್ನೇನು ಬಾಕಿ ಇದೆ?" ಎಂದು ಗೊಣಗುತ್ತಲೇ ಆಕೆ ಬಂದು ಕೈಕಟ್ಟಿ ನಿಂತಳು. ಗುಡುಗಮ್ಮ ಯಂತ್ರಗಳನ್ನೆಲ್ಲ ನಿಲ್ಲಿಸಿದಳು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಗಂಟು ಇಟ್ಟು ಮರೆತವಳು ನಾನು. ಕಳ್ಳಿ ಅಂದಿದ್ದು ಇವಳನ್ನ. ಇವಳದ್ದು ಎಳ್ಳಷ್ಟೂ ತಪ್ಪಿಲ್ಲ. ನನ್ನ ಕ್ಷಮಿಸು ತಾಯಿ."

"ಕೇಳಿಸ್ತು. ಕ್ಷಮಿಸೋಕೆ ಟೈಮ್ ಬೇಕು ನಂಗೆ."

"ತಗೋ. ಆತುರ ಏನಿಲ್ಲ."

ಹುಟ್ಟುಗುಣ ಒಂದೇ ದಿನಕ್ಕೆ ಬಿಟ್ಟುಹೋಗುತ್ತದೆಯೇ? ಮರುದಿನವೇ ಸಿಟ್ಟು ನೆತ್ತಿಗೇರಿತು. ಗುಡುಗಮ್ಮ ಹಲ್ಲುಕಚ್ಚಿ ಹಿತ್ತಲಿಗೆ ಹೋಗಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು, "ಪ್ರಭುವೇ, ನನ್ನ ಬಾಯಿ ಹಿಡ್ಕೋ" ಎಂದು ಬೇಡಿ ಬಂದಳು. ಎಷ್ಟೋ ಸಲ ಸೋತಳು. ಸೋತಾಗಲೆಲ್ಲ ಬೈದ ಜಾಗದಲ್ಲೇ, ಬೈದಷ್ಟೇ ಗಟ್ಟಿಯಾಗಿ ಕ್ಷಮೆ ಕೇಳಿದಳು. ಬರಬರುತ್ತ ಕೆಲಸಗಾರರು ಅವಳ ಮುಂದೆಯೇ ತಮ್ಮ ತಪ್ಪು ಒಪ್ಪಿಕೊಳ್ಳತೊಡಗಿದರು. ಮೊದಲು ಸುಟ್ಟ ಬಟ್ಟೆಯನ್ನು ಬಚ್ಚಿಡುತ್ತಿದ್ದವರೇ ಈಗ ತಂದು ತೋರಿಸುತ್ತಿದ್ದರು.

ಬೇಸಿಗೆ ಕಳೆದ ಮೇಲೆ ಇಸ್ತ್ರಿಯವಳು ಹಿಂದಿರುಗಿದಳು.

"ನಿಮ್ಮ ಮೇಲಿನ ಪ್ರೀತಿಗೆ ಬಂದಿದ್ದಲ್ಲ ಅಕ್ಕಾ. ಆ ಅಡುಗೆಮನೆ ಹೊಗೆ ಕಣ್ಣಿಗೆ ಆಗ್ತಿಲ್ಲ."

"ಯಾವುದಕ್ಕಾದ್ರೂ ಸರಿ, ಬಾ" ಎಂದು ಗುಡುಗಮ್ಮ ಆಕೆಯ ಮೇಜಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಸರಿಸಿ ಜಾಗಮಾಡಿಕೊಟ್ಟಳು.