ತಗಡಿನ ಮೇಸ್ತ್ರಿಯ ತಂಗಿ

ತಗಡಿನ ಮೇಸ್ತ್ರಿಗೆ ಹುಟ್ಟಿದಾಗಿನಿಂದ ಕೈ ಮುಂದು, ಮಾತು ಹಿಂದು. ಟ್ರಂಕು, ಬಕೆಟ್ಟು, ನೀರಿನ ಡ್ರಮ್ಮು, ಸೂರಿಗೆ ಕಟ್ಟುವ ಮಳೆನೀರಿನ ದೋಣಿ, ಹೀಗೆ ತಗಡಿನಲ್ಲಿ ಏನು ಹೇಳಿದರೂ ಮಾಡಿಕೊಡುತ್ತಿದ್ದ. ಅವನ ಅಂಗಡಿಯಲ್ಲಿ ಬಡಿತ ಶುರುವಾದರೆ ಅಕ್ಕಪಕ್ಕದವರು ಮಾತು ನಿಲ್ಲಿಸಿ ಕೈಸನ್ನೆಗೆ ಇಳಿಯುತ್ತಿದ್ದರು. ಐವತ್ತು ವರ್ಷ ಆ ಸದ್ದಿನಲ್ಲೇ ಕೂತು ಅವನ ಕಿವಿ ಅರ್ಧಕ್ಕರ್ಧ ಹೋಗಿತ್ತು. “ಮೇಸ್ತ್ರಿಯನ್ನ ಬೈಯೋಕೆ ಭಯ ಬೇಡ, ಅವನಿಗೆ ಕೇಳಿಸಲ್ಲ. ಆದ್ರೆ ತುಟಿ ಓದ್ತಾನೆ, ಹುಷಾರು” ಅಂತ ಎದುರುಗಡೆ ಗಡಿಯಾರ ರಿಪೇರಿ ಮಾಡುವ ಸೋಡಾಬುಡ್ಡಿ ತಮಾಷೆ ಮಾಡುತ್ತಿದ್ದ. ದಪ್ಪ ಕನ್ನಡಕದ ಸೋಡಾಬುಡ್ಡಿ ಮೇಸ್ತ್ರಿಯ ಓರಗೆಯವನು, ಚಡ್ಡಿ ಹಾಕುವ ಕಾಲದಿಂದ ಸ್ನೇಹಿತ.

ಮೇಸ್ತ್ರಿಗೆ ಇಪ್ಪತ್ತೆಂಟು ವರ್ಷವಿದ್ದಾಗ ಅಪ್ಪ ತೀರಿಹೋಗಿದ್ದ. ಮನೆಗೆ ಅವನೇ ಯಜಮಾನ. ತಾಯಿ, ಹೆಂಡತಿ, ಒಂದು ವರ್ಷದ ಮಗ, ಮತ್ತೆ ಹತ್ತೊಂಬತ್ತರ ತಂಗಿ. ತಂಗಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಅಣ್ಣನನ್ನು ಹೆದರದೆ ರೇಗಿಸುತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಅವಳಿಗೆ ನಾಲ್ಕು ತಿಂಗಳಾಗಿದೆ ಅನ್ನುವುದು ಮೊದಲು ಗೊತ್ತಾದದ್ದು ತಾಯಿಗೆ. ತಾಯಿ ಒಂದು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದು ಮಗನ ಕಿವಿಯಲ್ಲಿ ಹೇಳಿದಳು.

ಮೇಸ್ತ್ರಿ ಕೈಯಲ್ಲಿದ್ದ ಕೊಡತಿಯನ್ನು ಕೆಳಗಿಡದೆ ಹಾಗೇ ಮನೆಗೆ ನಡೆದ. ತಗಡು ಮಡಿಸುವ ಮರದ ಸುತ್ತಿಗೆ ಅದು, ಹಿಡಿ ಬೆವರಿಗೆ ನಯವಾಗಿತ್ತು. ತಂಗಿ ಅಡುಗೆಮನೆಯ ಬಾಗಿಲಲ್ಲಿ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು.

“ಯಾರು?” ಅಂದ.

ಅವಳು ಬಾಚಣಿಗೆ ಇಳಿಸಿದಳು. “ಅವನು ಊರಲ್ಲಿಲ್ಲ ಅಣ್ಣ. ವಿಷಯ ಗೊತ್ತಾದ ವಾರವೇ ಕೆಲಸ ಬಿಟ್ಟು ಹೋದ.”

“ಹೆಸರು ಕೇಳಿದೆ.”

“ಹೇಳಲ್ಲ.”

ಮೊದಲು ಖಾಲಿ ಕೈಯ ಮುಷ್ಟಿ ಬಿತ್ತು. ಅವಳು ಪಕ್ಕಕ್ಕೆ ವಾಲಿದ್ದರಿಂದ ಎರಡನೆಯ ಏಟು ಗೋಡೆಗೆ ಬಿದ್ದು ಅವನ ಕೈಯೊಳಗೇ ಏನೋ ಲಟಕ್ಕೆಂದಿತು. ಆ ನೋವು ಅವನನ್ನು ಇನ್ನೂ ಕೆರಳಿಸಿತು. ಜಡೆ ಹಿಡಿದು ಅಂಗಳದವರೆಗೆ ಎಳೆದುಕೊಂಡು ಬಂದ. ಹೊಟ್ಟೆಗೆ ಎರಡೂ ಕೈ ಅಡ್ಡ ಇಟ್ಟುಕೊಂಡು ಅವಳು ಮುದುಡಿ ಬಿದ್ದಿದ್ದಳು. ಹೊಟ್ಟೆ ಕಾಯಲು ಹೋದವಳಿಗೆ ಮುಖ ಕಾಯಲು ಕೈ ಉಳಿಯಲಿಲ್ಲ. ಕೊಡತಿ ಎಡದವಡೆಗೆ ಬಿತ್ತು. ಒಣಗಿದ ಕೊಂಬೆ ತುಳಿದಂಥ ಸದ್ದು. ಎರಡು ಹಲ್ಲು ಅಂಗಳದ ಕಲ್ಲಿನ ಮೇಲೆ ಉರುಳಿದವು. ಹೆಂಡತಿ ಕೂಸನ್ನು ಎದೆಗವಚಿಕೊಂಡು “ಸಾಕು ಬಿಡ್ರೀ, ಸತ್ತುಹೋಗ್ತಾಳೆ” ಅಂತ ಅವನ ಅಂಗಿ ಜಗ್ಗಿದಳು. ಅವಳಿಗೂ ಒಂದು ಬಿತ್ತು. ತಾಯಿ ಮಾತ್ರ ಬೀದಿಬಾಗಿಲಿನ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಯಾರೂ ಒಳಗೆ ಬರಬಾರದು ಅಂತಲೋ, ಮಗಳು ಹೊರಗೆ ಓಡಬಾರದು ಅಂತಲೋ, ಆ ಹೆಂಗಸು ಸಾಯುವ ತನಕ ಹೇಳಲಿಲ್ಲ.

ಸಂಜೆಯೊಳಗೆ ತಂಗಿ ಟವೆಲ್ಲಿನಿಂದ ದವಡೆ ಕಟ್ಟಿಕೊಂಡು, ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೋದಳು. ಬೀದಿಯ ಎರಡೂ ಕಡೆ ಜನ ಬಾಗಿಲಲ್ಲಿ ನಿಂತು ನೋಡಿದರು. ಒಂದು ಲೋಟ ನೀರು ಯಾರೂ ಕೊಡಲಿಲ್ಲ. ಯಾರೋ ಹುಡುಗರು ಕಲ್ಲು ಬೀರಿದರು, ದೊಡ್ಡವರು ತಡೆಯಲಿಲ್ಲ. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಸೋಡಾಬುಡ್ಡಿ ರಸ್ತೆ ದಾಟಿ ಬಂದು ಮೇಸ್ತ್ರಿಯ ಬೆನ್ನು ತಟ್ಟಿದ. “ಗಂಡಸು ಅಂದ್ರೆ ನೀನಪ್ಪ. ಬೀದಿಯ ಮರ್ಯಾದೆ ಉಳಿಸಿದೆ.” ವಿಚಾರಿಸಲು ಬಂದ ಪೊಲೀಸಿನವನು ಮನೆ ವಿಷಯ ಅಂತ ತಿಳಿದು ಟೀ ಕುಡಿದು ಹೋದ.

ಆಮೇಲೆ ಮೇಸ್ತ್ರಿ ತಲೆ ಎತ್ತಿಯೇ ತಿರುಗಿದ. ತಂಗಿಯ ಸುದ್ದಿ ಎತ್ತಿದ ಇಬ್ಬರ ಮೂಗು ಒಡೆದ. ಟ್ರಂಕು ಒಯ್ಯಲು ಬಂದ ಗಾಡಿಯವನೊಬ್ಬ ಹಲ್ಲು ಕಿಸಿದು “ಮಗು ಗಂಡೋ ಹೆಣ್ಣೋ” ಅಂದದ್ದಕ್ಕೆ ಅವನ ಬೆರಳುಗಳನ್ನು ಟ್ರಂಕಿನ ಮುಚ್ಚಳದಡಿ ಇಟ್ಟು ಅದರ ಮೇಲೆ ಕೂತ. ಮಗ ದೊಡ್ಡವನಾದಂತೆ ಅವನ ಮೇಲೂ ಕೈ ಓಡಿತು. ಲೆಕ್ಕದಲ್ಲಿ ತಪ್ಪಿದರೆ, ಉತ್ತರ ಕೊಟ್ಟರೆ, ಉತ್ತರ ಕೊಡದಿದ್ದರೆ. ಮಗ ಅಪ್ಪನ ಅಂಗಡಿಗೆ ಕಾಲಿಡಲಿಲ್ಲ. ಔಷಧದ ಕಂಪನಿಯೊಂದರಲ್ಲಿ ಗೋದಾಮು ನೋಡಿಕೊಳ್ಳುವ ಕೆಲಸ ಹಿಡಿದು, ಮದುವೆಯಾಗಿ, ಒಬ್ಬಳು ಮಗಳನ್ನು ಬೆಳೆಸಿದ. ಒಂದು ಸಲವೂ ಅವಳ ಮೇಲೆ ಕೈ ಎತ್ತಲಿಲ್ಲ. “ಮುದ್ದು ಮಾಡಿ ಕೆಡಿಸ್ತಿದ್ದೀಯ” ಅಂತ ಮೇಸ್ತ್ರಿ ಗೊಣಗಿದಾಗೆಲ್ಲ ಮಗ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದ.

ಆ ಮೊಮ್ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳಾದಳು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಮೇಸ್ತ್ರಿಗೆ ಎಪ್ಪತ್ತಾರು ನಡೆಯುತ್ತಿದ್ದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಎಲ್ಲರೂ ತಿಂಡಿಗೆ ಕೂತಿದ್ದಾಗ, ಅವಳು ತಟ್ಟೆಯಿಂದ ಕಣ್ಣು ಎತ್ತದೆ ಹೇಳಿದಳು: “ನನಗೆ ಮೂರು ತಿಂಗಳು. ಮಗು ಇಟ್ಟುಕೊಳ್ತೀನಿ. ಮದುವೆ ಮಾಡಿಕೊಳ್ಳಲ್ಲ. ಅವನೂ ನಾನೂ ಮಾತಾಡಿ ಬೇರೆಯಾದ್ವಿ. ಜಗಳ ಏನಿಲ್ಲ.”

ಸೊಸೆ ಲೋಟ ಕೆಳಗಿಟ್ಟಳು. ಅವಳ ಕಣ್ಣು ತುಂಬಿತು. ಮಗ ತನ್ನ ತಟ್ಟೆ ಪಕ್ಕಕ್ಕೆ ಸರಿಸಿ “ಡಾಕ್ಟರಿಗೆ ತೋರಿಸಿದ್ಯಾ ಪುಟ್ಟಾ?” ಅಂದ. “ಹ್ಞೂ.” “ಎಕ್ಸ್‌ರೇ ರೂಮಿನ ಕೆಲಸ ಬದಲಾಯಿಸಿಕೊಡ್ತಾರಂತಾ?” “ಕೇಳಿದ್ದೀನಿ ಅಪ್ಪ.”

ಮೇಸ್ತ್ರಿಗೆ ಅರ್ಧ ಕೇಳಿಸಿತ್ತು, ಉಳಿದರ್ಧ ತುಟಿಯಲ್ಲಿ ಕಂಡಿತ್ತು. ಕುರ್ಚಿ ಹಿಂದಕ್ಕೆ ಬಿತ್ತು. ಮೇಜು ಸುತ್ತಿ ಬಂದು ಕೈ ಎತ್ತಿದ. ಏಟು ಇಳಿಯಲಿಲ್ಲ. ಮಗ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಿದ್ದ. ಚಿಕ್ಕಂದಿನಿಂದ ತಿಂದ ಪೆಟ್ಟೆಲ್ಲ ಆ ಹಿಡಿತದಲ್ಲಿತ್ತು. ಕೈ ತಿರುಚಿ ಅಪ್ಪನನ್ನು ಕಪಾಟಿಗೆ ತಳ್ಳಿದ. ಕಪಾಟಿನ ಗಾಜು ಒಡೆದು ಮೇಸ್ತ್ರಿಯ ಹೆಗಲ ಮೇಲೆ ಸುರಿಯಿತು, ಮೇಸ್ತ್ರಿ ಗಾಜಿನ ಮೇಲೇ ಜಾರಿ ಕೂತ.

“ಅವಳ ಮೈ ಮುಟ್ಟಿದ್ರೆ ನಿನ್ನನ್ನ ಇಲ್ಲೇ ಮುಗಿಸ್ತೀನಿ” ಅಂದ ಮಗ. ದನಿ ಏರಿಸಲಿಲ್ಲ, ಆದರೂ ಕಿವುಡ ಮುದುಕನಿಗೆ ಪ್ರತಿ ಅಕ್ಷರ ಮುಟ್ಟಿತು.

ಮೇಸ್ತ್ರಿ ಕುತ್ತಿಗೆಯ ರಕ್ತವನ್ನು ಅಂಗಿಯಲ್ಲಿ ಒರೆಸಿಕೊಂಡು ಬೀದಿಗಿಳಿದ. ಮನೆ ಕೈಬಿಟ್ಟರೂ ಬೀದಿ ತನ್ನ ಕಡೆ ಅನ್ನುವ ಧೈರ್ಯ. ನೇರ ಸೋಡಾಬುಡ್ಡಿಯ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದ. ಸೋಡಾಬುಡ್ಡಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

“ನನ್ನ ಮೊಮ್ಮಗನದ್ದೂ ಅದೇ ಕಥೆ ಕಣೋ. ಮಗುಗೆ ಎರಡು ವರ್ಷ, ಇನ್ನೂ ಮದುವೆ ಇಲ್ಲ. ಮಗು ಬಂದು ಈ ಗಡಿಯಾರದ ಮುಳ್ಳೆಲ್ಲ ಕಿತ್ತುಹಾಕುತ್ತೆ. ಏನು ಮಾಡೋದು? ಈಗ ಯಾರು ಇದನ್ನೆಲ್ಲ ಕೇಳ್ತಾರೆ? ನೀನು ಸುಮ್ಮನೆ ಬಿಪಿ ಏರಿಸಿಕೊಳ್ಳಬೇಡ.”

“ನನ್ನ ತಂಗಿಗೆ ನಾನು ಹೊಡೆದಾಗ ನೀನು ಬಂದು ಬೆನ್ನು ತಟ್ಟಿದ್ದೆ.”

“ನಾನಾ? ನಾನು ಯಾಕೆ ತಟ್ಟಲಿ? ಹೊಡೆದದ್ದು ನೀನು. ಪಾಪ ಹೆಣ್ಣುಮಗಳು ಅಂತ ಅವತ್ತೇ ನನಗೆ ಅನ್ನಿಸಿತ್ತು.”

ಮೇಸ್ತ್ರಿ ಅವನ ಕನ್ನಡಕದ ನಡುವಿಗೇ ಗುದ್ದಿದ. ಸೋಡಾಬುಡ್ಡಿ ಕುರುಡುಕುರುಡಾಗಿ ಕೈಗೆ ಸಿಕ್ಕ ಸ್ಟೂಲು ಬೀಸಿದ. ಇಬ್ಬರು ಮುದುಕರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು, ಗಡಿಯಾರಗಳನ್ನು ಉರುಳಿಸಿಕೊಂಡು, ಮೆಟ್ಟಿಲ ಮೇಲಿಂದ ರಸ್ತೆಗೆ ಬಿದ್ದರು. ಮೇಲೆ ಬಿದ್ದದ್ದು ಸೋಡಾಬುಡ್ಡಿ, ಕೆಳಗೆ ಸಿಕ್ಕಿದ್ದು ಮೇಸ್ತ್ರಿಯ ಬಲಗೈ. ಬಿಡಿಸಲು ಬಂದ ಕ್ಷೌರದಂಗಡಿಯವನು ನಗು ತಡೆಯಲಾರದೆ “ಅಜ್ಜಂದಿರಾ, ಎದ್ದೇಳಿ” ಅಂದ. ಆ ನಗು ಮೇಸ್ತ್ರಿಯನ್ನು ಮುರಿದ ಕೈಗಿಂತ ಹೆಚ್ಚು ನೋಯಿಸಿತು.

ಆಸ್ಪತ್ರೆಯಲ್ಲಿ ಅವನ ಕೈಯ ಎಕ್ಸ್‌ರೇ ಇನ್ನೊಬ್ಬಳು ತೆಗೆದಳು. ಅದನ್ನು ಬೆಳಕಿಗೆ ಹಿಡಿದು ನೋಡಿದವಳು ಮೊಮ್ಮಗಳು. ತುಂಬ ಹೊತ್ತು ನೋಡಿದಳು. ತಾತನ ಪಕ್ಕ ಕೂತು, ತುಟಿ ಕಾಣುವಂತೆ ಮುಖ ತಿರುಗಿಸಿ ಕೇಳಿದಳು:

“ಮಣಿಕಟ್ಟು ಇವತ್ತಿನದು. ಕಿರುಬೆರಳ ಬುಡದ ಈ ಎಲುಬು ಯಾವಾಗಲೋ ಮುರಿದು ಸೊಟ್ಟಗೆ ಕೂಡಿದೆ. ಇದು ಗೋಡೆಗೋ ಮುಖಕ್ಕೋ ಗುದ್ದಿದವರಿಗೆ ಆಗುತ್ತೆ ತಾತ. ಯಾರಿಗೆ ಗುದ್ದಿದ್ದೆ?”

ಮೇಸ್ತ್ರಿ ಸುಳ್ಳು ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ ಅವನಿಗೇ ಗೊತ್ತಿಲ್ಲ. ಮುಷ್ಟಿ, ಗೋಡೆ, ಜಡೆ, ಕೊಡತಿ, ಎಲ್ಲ ಹೇಳಿದ. ತಾತನಿಗೊಬ್ಬಳು ತಂಗಿ ಇದ್ದಾಳೆ ಅನ್ನುವುದು ಆ ಹುಡುಗಿಗೆ ಗೊತ್ತಾದದ್ದೇ ಆಗ. ಅವಳ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಅದನ್ನು ಕಂಡು ಮೇಸ್ತ್ರಿ ಮುಖ ತಿರುಗಿಸಿದ.

“ಬದುಕಿದ್ದಾರಾ?”

“ಊರಾಚೆ ಗ್ಯಾರೇಜಿನ ಹತ್ತಿರ ಟಾರ್ಪಾಲು ಹೊಲೀತಾಳಂತೆ. ಯಾರೋ ಹೇಳಿದ್ದರು.”

“ನಾನು ನೋಡಬೇಕು. ನೀನೂ ಬರ್ತೀಯ. ಬರದಿದ್ರೆ ನನ್ನ ಮಗು ಇರೋ ಮನೇಲಿ ನೀನಿರೋದು ಬೇಡ.”

ಹದಿನೈದು ದಿನ ಬಿಟ್ಟು, ಕೈಗೆ ಪ್ಲಾಸ್ಟರು ಹಾಕಿಕೊಂಡೇ ಹೋದ. ಉದ್ದನೆಯ ಶೆಡ್ಡು. ನೆಲದ ತುಂಬ ಲಾರಿಗೆ ಹೊದಿಸುವ ಹಸಿರು ಟಾರ್ಪಾಲು. ಅದರ ನಡುವೆ ದಪ್ಪ ಸೂಜಿಯ ಹೊಲಿಗೆಯಂತ್ರದ ಮುಂದೆ ನೆರೆತ ಕೂದಲಿನ ಹೆಂಗಸು. ಮುಖದ ಎಡಭಾಗ ಒಳಕ್ಕೆ ಹೋಗಿ, ಗದ್ದ ಒಂದು ಕಡೆಗೆ ವಾಲಿತ್ತು. ಪಕ್ಕದಲ್ಲಿ ಕಟ್ಟುಮಸ್ತಾದ ಒಬ್ಬ ಗಂಡಸು ಟಾರ್ಪಾಲಿನ ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆ ಬಳೆ ಬಡಿಯುತ್ತಿದ್ದ. ಬಂದವರ ಗುರುತು ಕೇಳಿದವನೂ ಅವನೇ. ಅವನ ಮುಖದಲ್ಲಿ ತಂಗಿಯ ಹಳೆಯ ಮುಖ ಕಂಡ ಮೇಸ್ತ್ರಿ ಬಾಯಿಬಿಟ್ಟು “ನಿನ್ನ ಸೋದರಮಾವ” ಅಂದ.

ಅವನು ಎದ್ದ. “ಅಪ್ಪನ ಹೆಸರಿಲ್ಲ ಅಂತ ಶಾಲೆಯಲ್ಲಿ ದಿನಾ ಹೊಡೆಸಿಕೊಂಡೆ. ಮನೆಗೆ ಬಂದ್ರೆ ಅಮ್ಮ ಗಂಜಿ ಬಿಟ್ಟು ಬೇರೆ ಏನೂ ಅಗಿಯೋಕಾಗದೆ ಕೂತಿರ್ತಿದ್ದಳು. ಮಾವನಂತೆ ಮಾವ.” ಮಾತು ಮುಗಿಯುವ ಮೊದಲೇ ಹೊಡೆದ. ಮೇಸ್ತ್ರಿ ಟಾರ್ಪಾಲಿನ ಮೇಲೆ ಅಂಗಾತ ಬಿದ್ದ. ಅವನನ್ನು ಕೊರಳಪಟ್ಟಿ ಹಿಡಿದು ಎತ್ತಿ ಇನ್ನೊಂದು ಕೊಟ್ಟ. ತುಟಿ ಸೀಳಿತು. ಮೊಮ್ಮಗಳು ನಡುವೆ ನುಗ್ಗಲು ಹೋದವಳು ಹೊಟ್ಟೆ ನೆನೆದು ನಿಂತಳು. ತಂಗಿ ಯಂತ್ರ ನಿಲ್ಲಿಸಿ ನೋಡುತ್ತಿದ್ದಳು. ಎರಡು ಏಟು ಬೀಳುವ ತನಕ ಅವಳು ಬಾಯಿ ತೆಗೆಯಲಿಲ್ಲ. ಮೂರನೆಯದಕ್ಕೆ ಕೈ ಎದ್ದಾಗ “ಸಾಕು ಬಿಡು” ಅಂದಳು. ಸೊಟ್ಟ ಬಾಯಿಂದ ಆ ಮಾತು ಮೆತ್ತಗೆ, ಅರ್ಧ ಗಾಳಿಯಾಗಿ ಬಂತು. ಅವಳ ಮಗ ಕೈ ಇಳಿಸಿದ.

“ಯಾಕೆ ಬಂದೆ?” ಅಂತ ಅಣ್ಣನನ್ನು ಕೇಳಿದಳು.

ಮೇಸ್ತ್ರಿ ರಕ್ತ ಉಗುಳಿದ. “ಇವಳಿಗೂ ಹಾಗೇ ಆಗಿದೆ. ಈಗ ಯಾರೂ ಏನೂ ಅನ್ನಲ್ಲ. ಆಗ ಕಾಲ ಹಾಗಿತ್ತು. ಜನ ಬಿಡ್ತಿರಲಿಲ್ಲ.”

“ಜನ ಆಡಿಕೊಂಡರು. ಬಾಗಿಲಲ್ಲಿ ನಿಂತು ನೋಡಿದರು. ಅವರಲ್ಲಿ ಒಬ್ಬರೂ ಬಂದು ನನ್ನ ದವಡೆ ಮುರೀಲಿಲ್ಲ ಅಣ್ಣ. ಅದನ್ನ ನೀನು ಮಾಡಿದೆ. ಅದನ್ನ ಕಾಲದ ತಲೆಗೆ ಕಟ್ಟಬೇಡ.”

ಮೇಸ್ತ್ರಿ ಹೆಗಲ ಮೇಲಿನ ಟವೆಲ್ಲು ತೆಗೆದು ತುಟಿ ಒರೆಸಿಕೊಂಡ.

“ಹೆಸರು ಯಾಕೆ ಹೇಳಲಿಲ್ಲ ಗೊತ್ತಾ? ಹೇಳಿದ್ರೆ ನೀನು ಅವನನ್ನ ಹುಡುಕಿಕೊಂಡು ಹೋಗಿ ಕೊಂದು ಜೈಲು ಸೇರ್ತಿದ್ದೆ. ನಿನ್ನ ಕೂಸಿಗೆ ಆಗಿನ್ನೂ ಒಂದು ವರ್ಷ.” ಇಷ್ಟು ಹೇಳಿ, ಮೊಮ್ಮಗಳ ಕಡೆ ತಿರುಗಿ ಸ್ಟೂಲು ಎಳೆದಳು. “ನೀನು ಕೂತ್ಕೋ ತಾಯಿ. ಎಷ್ಟು ತಿಂಗಳು? ಬೆಳಿಗ್ಗೆ ವಾಂತಿ ಆಗುತ್ತಾ?” ಅಣ್ಣನಿಗೆ ಕೂರಲು ಹೇಳಲಿಲ್ಲ. ಅವರಿಬ್ಬರ ಮಾತು ಮುಗಿಯುವವರೆಗೂ ಅವನು ಶೆಡ್ಡಿನ ಬಾಗಿಲಲ್ಲಿ, ಟವೆಲ್ಲನ್ನು ತುಟಿಗೆ ಒತ್ತಿಕೊಂಡು ನಿಂತೇ ಇದ್ದ.

ಹೆಣ್ಣುಮಗು ಹುಟ್ಟಿತು. ಜನನ ಪತ್ರದ ಕಚೇರಿಯಲ್ಲಿ ಗುಮಾಸ್ತ “ತಂದೆ ಹೆಸರು?” ಅಂದ, ಮೊಮ್ಮಗಳು “ಬೇಡ” ಅಂದಳು. ಗುಮಾಸ್ತ ತಲೆ ಎತ್ತದೆ ಅಲ್ಲೊಂದು ಗೆರೆ ಎಳೆದು ಮುಂದಿನವರನ್ನು ಕರೆದ. ಪಕ್ಕದಲ್ಲಿದ್ದ ಮೇಸ್ತ್ರಿ ಆ ಗೆರೆಯನ್ನೇ ನೋಡಿದ. ಅಷ್ಟೇನಾ ಅನ್ನಿಸಿತು. ಹೊರಗೆ ಬಂದವನು ಗೋಡೆಗೊರಗಿ ಕೂತು, ಯಾರ ಮಾತಿಗೂ ಎದ್ದೇಳದೆ, ಸ್ವಲ್ಪ ಹೊತ್ತು ಅತ್ತ. ಯಾರೂ ಸಮಾಧಾನ ಮಾಡಲಿಲ್ಲ.

ಆಮೇಲೆ ಮೂರು ವರ್ಷ ಬದುಕಿದ. ಬಲಗೈ ಸರಿಯಾಗಿ ಕೂಡಲಿಲ್ಲ, ಅಂಗಡಿ ಮುಚ್ಚಿದ. ಮಗುವನ್ನು ಅವನ ಕೈಗೆ ಕೊಡುತ್ತಿದ್ದರು, ಆದರೆ ಅವನೊಬ್ಬನ ಹತ್ತಿರ ಬಿಟ್ಟು ಯಾರೂ ಕೋಣೆಯಿಂದಾಚೆ ಹೋಗುತ್ತಿರಲಿಲ್ಲ. ಅದನ್ನು ಅವನು ಗಮನಿಸಿದ್ದ. ಯಾಕೆ ಅಂತ ಕೇಳಲಿಲ್ಲ. ತಂಗಿ ಎರಡು ವಾರಕ್ಕೊಮ್ಮೆ ಬರುತ್ತಿದ್ದಳು. ಎಲ್ಲರ ಜೊತೆ ಮಾತಾಡಿ, ಮಗುವನ್ನು ಆಡಿಸಿ, ಅಣ್ಣನ ಕುರ್ಚಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದಳು. ಒಂದು ಸಲ ಅವನು “ಕ್ಷಮಿಸು” ಅಂತ ಬಾಯಿಬಿಟ್ಟು ಹೇಳಿದ. ಅವಳು “ಕೇಳಿಸಿತು” ಅಂದಳು, ಅಷ್ಟೇ.

ಅವನು ಹೋದ ದಿನ ಹೆಣ ಹೊರಲು ಒಬ್ಬರು ಕಡಿಮೆಯಿದ್ದರು. ತಂಗಿಯ ಮಗ ಬಂದು ಗೇಟಿನ ಹತ್ತಿರ ಚಪ್ಪಲಿ ಬಿಟ್ಟ. “ಅಮ್ಮ ಕಳಿಸಿದಳು, ನಾನಾಗಿ ಬಂದಿಲ್ಲ” ಅಂತ ಮೇಸ್ತ್ರಿಯ ಮಗನಿಗೆ ಹೇಳಿ ಹೆಗಲು ಕೊಟ್ಟ. ತಂಗಿ ಮಸಣಕ್ಕೆ ಹೋಗುವವರ ಜೊತೆ ಹೊರಡಲಿಲ್ಲ. ಮೂರು ವರ್ಷದ ಹುಡುಗಿ ಹಸಿವೆ ಅಂತ ರಂಪ ಮಾಡುತ್ತಿದ್ದಳು, ಅವಳಿಗೆ ಉಣ್ಣಿಸಲು ಯಾರಾದರೂ ಉಳಿಯಬೇಕಿತ್ತು.