ಕಣದಲ್ಲಿ ಗೆರೆ ಎಳೆದ ಮನೆ

ಮದುವೆಯಾಗಿ ಹೆಬ್ಬಳ್ಳಿಗೆ ಬಂದಾಗ ನನಗೆ ಹತ್ತೊಂಬತ್ತು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಎರಡು ಖೋಲಿಯ ಮನೆಯಲ್ಲಿ ಅತ್ತೆ, ಇಬ್ಬರು ಭಾವಂದಿರು, ಅವರ ಹೆಂಡಿರು ಮಕ್ಕಳು, ನಾವಿಬ್ಬರು. ನಾನು ನೆಗೆಣ್ಣಿಯರ ಜೊತೆ ಅಡುಗೆಮನೆಯಲ್ಲಿ ಮಲಗುತ್ತಿದ್ದೆ. ಒಬ್ಬಳು ಮಗ್ಗಲು ಬದಲಿಸಿದರೆ ಮೂವರೂ ಬದಲಿಸಬೇಕು. ಗಂಡನೊಡನೆ ಮಾತು ಸಿಗುತ್ತಿದ್ದುದು ಭಾನುವಾರ ಹೊಲಕ್ಕೆ ಬುತ್ತಿ ಒಯ್ದಾಗ ಮಾತ್ರ.

ಆ ಹೊಲದ ಅಂಚಿನಲ್ಲೇ ಒಂದು ಸಣ್ಣ ಮನೆ ಕಟ್ಟೋಣ ಎಂದೆ. ಆದರೆ ಮನೆಗಳಿಗೆಂದು ಗುರುತಿಸಿದ ಊರಿನ ಗಾಂವಠಾಣದ ಗಡಿ ದಾಟಿದರೆ ಅದು ಸಾಗುವಳಿ ಭೂಮಿ. ಮುಂಬೈ ರಾಜ್ಯದ ಕಾಲದ ಕಾಯ್ದೆಯಂತೆ ಪರವಾನಗಿ ಇಲ್ಲದೆ ಒಂದು ಕಲ್ಲೂ ಇಡುವಂತಿರಲಿಲ್ಲ. ಆ ಪರವಾನಗಿಯ ಕಾಗದ ಬರೆಯುವ ಕಾರಕೂನರು ನಮ್ಮ ಯಜಮಾನರೇ. ದಿನಾ ಸೈಕಲ್ ಮೇಲೆ ಧಾರವಾಡದ ಕಚೇರಿಗೆ ಹೋಗುತ್ತಿದ್ದರು.

"ಸಾಹೇಬರಿಗೆ ಒಂದ ಮಾತ ಹೇಳಿ ನೋಡ್ರಿ."

"ಹೆಂಗ ಹೇಳ್ಲಿ? ನಿನ್ನೆ ಇಬ್ಬರ ಅರ್ಜಿಗೆ ಆಗಂಗಿಲ್ಲ ಅಂತ ನಾನ ಬರದೇನಿ. ಅವರಿಗೆ ಹೆಂಗ ಮಾರಿ ತೋರಿಸ್ಲಿ?"

ಕೊನೆಗೆ ಎಲ್ಲರಂತೆ ಅರ್ಜಿ ಹಾಕಿದೆವು. ಎರಡು ಸಲ ನಮ್ಮ ನಕ್ಷೆ ತಿರುಗಿ ಬಂತು. ಮೂರನೆಯ ಸಲ ಒಪ್ಪಿಗೆ ಸಿಕ್ಕಿತು: ಹದಿನೆಂಟಡಿ ಉದ್ದ, ಹನ್ನೆರಡಡಿ ಅಗಲ. ಪಡಸಾಲೆ ಇಲ್ಲ. ಮುಂದೆ ಮನೆ ದೊಡ್ಡದು ಮಾಡುವಂತಿಲ್ಲ.

ಹೊಲದ ಕಣದ ನೆಲದ ಮೇಲೆ ಒಲೆಬೂದಿಯಿಂದ ಆ ಅಳತೆಯ ಗೆರೆ ಎಳೆದೆವು. ನಾನಾಗ ಆರು ತಿಂಗಳ ಬಸುರಿ. ಒಲೆಯ ಜಾಗದಲ್ಲಿ ಕೂತು ನೀರಿನ ಕೊಡಕ್ಕೆಂದು ಕೈ ಚಾಚಿದರೆ ಮೊಣಕೈ ಒಳಗೋಡೆಯ ಗೆರೆಯ ಆಚೆ ಹೋಯಿತು. ಮಲಗಲು ಹೊರಸು ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಒಳಗೋಡೆಯನ್ನು ಕಾಲಿನಿಂದ ಒರೆಸಿ ಮತ್ತೆ ಬರೆದೆವು. ಹೊರಗಿನ ಗೆರೆ ಮಾತ್ರ ಮುಟ್ಟುವಂತಿರಲಿಲ್ಲ. ಆದರೂ ನನಗೆ ಸಂತೋಷವೇ. ಆ ಗೆರೆಯ ಒಳಗೆ ನಾವಿಬ್ಬರು, ಹುಟ್ಟುವ ಕೂಸು, ಅಷ್ಟೇ ಇರುತ್ತೇವಲ್ಲ!

ಅಷ್ಟರಲ್ಲಿ ಅತ್ತೆ ಮಜ್ಜಿಗೆ ತಂದರು. ಗೆರೆ ತುಳಿಯದೆ, ಬಾಗಿಲಿಗೆಂದು ಬಿಟ್ಟ ಸಂದಿನಿಂದಲೇ ಒಳಗೆ ಬಂದು ಸುತ್ತ ನೋಡಿದರು.

"ಛಲೋ ಆತು. ನಂದು ಒಂದ ಹಾಸಗಿ, ಇಲ್ಲೆ ಬಾಗಲ ಬಾಜು ಆಗತೈತಿ."

ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಆ ಗದ್ದಲದಾಗ ನನಗೂ ಉಸರು ಕಟ್ಟತೈತಿ, ಯವ್ವಾ. ಯಾರ ಮುಂದ ಹೇಳ್ಲಿ?"

ಯಜಮಾನರು ನನ್ನ ಮುಖ ನೋಡಿದರು. ನಾನು ಬೂದಿ ಮೆತ್ತಿದ ನನ್ನ ಕೈ ನೋಡಿಕೊಂಡೆ. ನಾನು ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿದ್ದೆನೋ ಅದರಿಂದಲೇ ಅವರೂ ಹೊರಟಿದ್ದರು.

"ಬರ್ರಿ ಅತ್ತಿ," ಅಂದೆ. ಮನಸ್ಸಿನಿಂದ ಅಂದದ್ದಲ್ಲ. ಅದು ಅವರಿಗೂ ತಿಳಿಯಿತೆಂದು ಕಾಣುತ್ತದೆ. ಮಜ್ಜಿಗೆಯ ಚರಿಗೆ ಕೆಳಗಿಟ್ಟು, ಮತ್ತೆ ಅದೇ ಸಂದಿನಿಂದ ಹೊರಗೆ ಹೋದರು.

ಬೇಸಿಗೆಯಲ್ಲಿ ಮನೆ ಎದ್ದಿತು. ಏಳು ವರ್ಷ ಅತ್ತೆ, ನಾವಿಬ್ಬರು, ನಮ್ಮ ಕೂಸು ಅದರಲ್ಲಿದ್ದೆವು. ಬೆಳಗ್ಗೆ ನಾನು ನೀರಿಗೆ ಹೊರಟಾಗ ಅತ್ತೆ ಹಾಸಿಗೆಯಲ್ಲೇ ಕಾಲು ಮಡಚಿ ದಾರಿ ಬಿಡುತ್ತಿದ್ದರು. ನಾನು ಕೊಡವನ್ನು ಎದೆಗೆ ಒತ್ತಿಕೊಂಡು ಅಡ್ಡಡ್ಡವಾಗಿ ದಾಟುತ್ತಿದ್ದೆ.